ಜೋಡಿನ ಜಾತಕ

ಅಂಗೈ ನೋಡಿ ಭವಿಷ್ಯ ಹೇಳುವವರ ಕಾಲ ಮುಗಿಯಿತು. ಈಗ ಅಟ್ಟೆರೇಖೆಯ ಕಾಲ. 'ನಿಮ್ಮ ಶೂ ಕಪಾಟಿನ ಫೋಟೊ ಹಾಕಿ, ನೀವು ಎಂಥವರು ಅಂತ ಹೇಳ್ತೀವಿ' ಎನ್ನುವ ಪಂಡಿತರು ಮೊಬೈಲ್ ತೆರೆದರೆ ಸಾಕು, ಕಾಲಿಗೆ ತೊಡರಿಕೊಳ್ಳುತ್ತಾರೆ. ಓಟದ ಶೂ ಇದ್ದರೆ ಛಲಗಾರ. ಬೆಟ್ಟ ಹತ್ತುವ ಬೂಟಿದ್ದರೆ ಸಾಹಸಿ. ಕಲೆಯಿಲ್ಲದ ಬಿಳಿ ಸ್ನೀಕರ್ ಇದ್ದರೆ ಶಿಸ್ತಿನ ಸಿಪಾಯಿ. ಬರೀ ಹವಾಯಿ ಚಪ್ಪಲಿ ಇದ್ದರೆ ಶಾಸ್ತ್ರ ಮೌನ ವಹಿಸುತ್ತದೆ. ನಾನು ಆ ಕೊನೆಯ ವರ್ಗದವನು.

ನನ್ನ ಗೆಳೆಯನೊಬ್ಬನಲ್ಲಿ 41 ಜೊತೆ ಇವೆ. ಟೆನಿಸ್‌ಗೊಂದು, ಫುಟ್‌ಬಾಲ್‌ಗೊಂದು, ಕಾಡುದಾರಿಯಲ್ಲಿ ಓಡುವುದಕ್ಕೊಂದು. ಶಾಸ್ತ್ರದ ಪ್ರಕಾರ ಆತ ಬಹುಮುಖ ಕ್ರೀಡಾಪಟು. ಮೊದಲ ಮಹಡಿಗೆ ಹೋಗಲೂ ಲಿಫ್ಟ್ ಬರಲಿ ಎಂದು ಹತ್ತು ನಿಮಿಷ ನಿಲ್ಲುವ ಆಸಾಮಿ ಎಂಬುದು ಕಪಾಟಿನ ಫೋಟೊದಲ್ಲಿ ಕಾಣುವುದಿಲ್ಲವಲ್ಲ. ಅವನ ನಿಜವಾದ ಆಸಕ್ತಿ ಪೆಟ್ಟಿಗೆ. ಒಂದೇ ಶೂ ಮೂರು ಜೊತೆ ಕೊಳ್ಳುತ್ತಾನೆ: ಒಂದು ಹಾಕೋಕೆ, ಒಂದು ಇಡೋಕೆ, ಒಂದು ಮಾರೋಕೆ. ಹಾಕೋಕೆ ಅಂತ ತಂದದ್ದನ್ನೂ ಹಾಕುವುದು ಸಲೀಸಲ್ಲ. ಬೆರಳಿನ ಹತ್ತಿರ ಮಡಿಕೆ ಬೀಳಬಾರದೆಂದು ಒಳಗೆ ಪ್ಲಾಸ್ಟಿಕ್ ಅಚ್ಚು ತುರುಕಿ, ಪಾದ ಮಡಿಸದೆ ಬಾತುಕೋಳಿಯ ಹಾಗೆ ನಡೆಯಬೇಕು. ನಡೆಯುವುದಕ್ಕೆಂದೇ ಹುಟ್ಟಿದ ವಸ್ತುವಿಗೆ ನಡಿಗೆಯೇ ಶತ್ರು!

ವಿಜ್ಞಾನಿಗಳೂ ಈ ಭವಿಷ್ಯದ ದಂಧೆಗೆ ಕೈಹಾಕಿದ್ದುಂಟು. 2012ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಅಪರಿಚಿತರ ಶೂ ಫೋಟೊ ತೋರಿಸಿ ಊಹಿಸಲು ಹೇಳಿದಾಗ, ಜನ ವಯಸ್ಸು, ಆದಾಯ ಎಲ್ಲ ತಕ್ಕಮಟ್ಟಿಗೆ ಸರಿಯಾಗಿ ಹೇಳಿದರು. ಆದರೆ ಅವು ಅತಿ ಹೆಚ್ಚು ಹಾಕಿಕೊಳ್ಳುವ ಶೂಗಳು. ಪೆಟ್ಟಿಗೆಯಲ್ಲಿ ಮಲಗಿದವಲ್ಲ.

ಸಂಗ್ರಹ ಎಂದಮೇಲೆ ಫಿಲಿಪ್ಪೀನ್ಸ್‌ನ ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್ ಅವರ ಪತ್ನಿ ಇಮೆಲ್ಡಾ ಮಾರ್ಕೋಸ್ ಅವರನ್ನು ಬಿಟ್ಟರೆ ಪಾಪ ತಟ್ಟೀತು. 1986ರಲ್ಲಿ ದಂಪತಿ ದೇಶ ಬಿಟ್ಟು ಓಡಿದಾಗ ಅರಮನೆಯಲ್ಲಿ ಉಳಿದದ್ದು 3,000 ಜೊತೆ ಎಂದು ಲೋಕವೆಲ್ಲ ಬಾಯಿಬಡಿದುಕೊಂಡಿತು. ಆಕೆ ಸುಳ್ಳು ಸುದ್ದಿಯನ್ನು ಖಂಡಿಸಿದರು: ಬರೀ 1,060 ಅಂತೆ. ಎಂಥ ಮಿತವ್ಯಯ! ಓಡುವ ಹೊತ್ತಿಗೆ ಅಷ್ಟೂ ಜೊತೆ ಹಿಂದೆಯೇ ಉಳಿದವು ಎಂಬುದನ್ನು ಯಾವ ಪಂಡಿತನೂ ವಿಶ್ಲೇಷಿಸಿಲ್ಲ. ಮುಂದೆ ಒಂದಷ್ಟು ಜೊತೆ ಮರಿಕಿನಾ ಎಂಬಲ್ಲಿನ ಶೂ ಮ್ಯೂಸಿಯಂ ಸೇರಿದವು. ರಾಷ್ಟ್ರೀಯ ಮ್ಯೂಸಿಯಂನ ಪಾಲಿಗೆ ಬಂದವುಗಳಿಗೆ ಬೂಷ್ಟು ಹಿಡಿದು, ಗೆದ್ದಲು ಹತ್ತಿತು. ಆ ಸಂಗ್ರಹವನ್ನು ಒಳಹೊಕ್ಕು ಓದಿದ್ದು ಗೆದ್ದಲು ಮಾತ್ರ.

ಗೆಳೆಯನ ಕಪಾಟಿಗೆ ಗೆದ್ದಲು ಬರುವುದಿಲ್ಲ, ತೇವ ಹೀರುವ ಸಿಲಿಕಾ ಪೊಟ್ಟಣಗಳ ಕಾವಲಿದೆ. ಆದರೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್‌ನ ಅಟ್ಟೆಗೆ ಗಾಳಿಯಲ್ಲಿನ ತೇವವೇ ಗೆದ್ದಲು. ಹಾಕದಿದ್ದರೂ ವರ್ಷಗಳಲ್ಲಿ ಅದು ಒಳಗೊಳಗೇ ಸಡಿಲವಾಗುತ್ತದೆ. ಇದು ಗೊತ್ತಾದದ್ದು ಮೊನ್ನೆ. ನಮ್ಮ ಮನೆಯ ಲಿಫ್ಟ್ ಕೆಟ್ಟಿದೆ ಎಂದು ತಿಳಿದು, ಮೆಟ್ಟಿಲೆಂಬ ಶಿಖರ ಏರಲು ಆತ ಹನ್ನೆರಡು ವರ್ಷದಿಂದ ಪೂಜಿಸಿಟ್ಟಿದ್ದ ಬೆಟ್ಟ ಹತ್ತುವ ಬೂಟನ್ನೇ ಹಾಕಿಕೊಂಡು ಬಂದ. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಅಟ್ಟೆ ರಸ್ಕಿನ ಪುಡಿಯಾಗಿ ಮೆಟ್ಟಿಲ ತುಂಬಾ ಚೆಲ್ಲಿತ್ತು. ಸಾಹಸಿ ಬರಿಗಾಲಲ್ಲಿ ಬಾಗಿಲು ತಟ್ಟಿದ.

ಹೋಗುವಾಗ ನನ್ನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೋದ. ಎಡಗಡೆಯದರ ಹಿಮ್ಮಡಿ ಸವೆದು ಗುಳಿ ಬಿದ್ದಿದೆ, ಒಂದು ಪಟ್ಟಿಗೆ ಪಿನ್ನು ಚುಚ್ಚಿದೆ. ವಾಪಸ್ ಕೇಳಿದರೆ 'ಆಮೇಲೆ' ಅಂದ. ನಿನ್ನೆ ಅವನ ಕಪಾಟಿನ ಹೊಸ ಫೋಟೊ ಬಂತು. ಬೂಟಿದ್ದ ಜಾಗದಲ್ಲಿ, ಎರಡು ಸಿಲಿಕಾ ಪೊಟ್ಟಣಗಳ ನಡುವೆ, ನನ್ನ ಚಪ್ಪಲಿ. ಕೆಳಗೆ ಪಂಡಿತರೊಬ್ಬರ ಫಲ ಬಂದಿತ್ತು: 'ಎಷ್ಟೇ ಎತ್ತರಕ್ಕೇರಿದರೂ ನೆಲ ಮರೆಯದ ವ್ಯಕ್ತಿ.'