ಫೈಲಿನ ಕೊನೆಗೆ ಒಂದು ಎಂಟರ್

ಡ್ರೂಪಲ್ ಅಂದರೆ ವೆಬ್‌ಸೈಟ್ ಕಟ್ಟುವ ಓಪನ್ ಸೋರ್ಸ್ ಸಾಫ್ಟ್‌ವೇರ್, ಅದರ ಕೋಡಿಗೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ನಾನು ಕಳಿಸಿದ ಮೊದಲ ತಿದ್ದುಪಡಿ, ಅಂದರೆ ಪ್ಯಾಚ್, ಮೂರೇ ಸಾಲಿನದು. ಒಂದು ಮಾಡ್ಯೂಲಿನ ಸೆಟ್ಟಿಂಗ್ಸ್ ಫೈಲಿನ ಕೊನೆಗೆ ಮೂರು ಸಾಲು ಸೇರಿಸಿದ್ದೆ, ಅಷ್ಟೇ. ಮಾರನೇ ದಿನ ನೋಡಿದರೆ 'ನೀಡ್ಸ್ ವರ್ಕ್', ಇನ್ನೂ ಕೆಲಸ ಬಾಕಿ ಇದೆ, ಅಂತ ಗುರುತು ಬಿದ್ದಿತ್ತು. ಕೆಳಗೆ ಒಂದೇ ಸಾಲು: 'ನೋ ನ್ಯೂಲೈನ್ ಅಟ್ ಎಂಡ್ ಆಫ್ ಫೈಲ್'. ಹಾಗಂದರೆ ಏನು ಅಂತ ಗೊತ್ತಾಗಲಿಲ್ಲ. ಕೇಳೋಕೆ ನಾಚಿಕೆ. ಎಲ್ಲರೂ ಇಂಗ್ಲಿಷಿನಲ್ಲಿ ಪಟಪಟ ಬರೆಯುವ ಜಾಗ, ಇಷ್ಟು ಸಣ್ಣದನ್ನೂ ಕೇಳಿದರೆ ಏನಂದುಕೊಂಡಾರೋ ಅಂತ ಸುಮ್ನೆ ಟ್ಯಾಬ್ ಮುಚ್ಚಿಬಿಟ್ಟೆ.

ಮತ್ತೆ ತೆರೆದದ್ದು ಒಂದೂವರೆ ವರ್ಷದ ಮೇಲೆ, ಬೆಂಗಳೂರಿನಲ್ಲಿ ಒಂದು ಶನಿವಾರದ ಮೀಟಪ್‌ನಲ್ಲಿ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕರ್ಸರನ್ನು ಫೈಲಿನ ತುದಿಗೆ ತಂದು ಎಂಟರ್ ಒತ್ತಿದರು. "ಆಯ್ತು, ಈಗ ಕಳಿಸಿ."

ಕೊನೇ ಸಾಲಿನ ತುದಿಗೆ ಹೊಸ ಸಾಲಿನ ಗುರುತು ಇರಬೇಕಿತ್ತು, ನ್ಯೂಲೈನ್ ಅಂದರೆ ಅಷ್ಟೇ. ಒಂದು ಎಂಟರ್‌ಗೆ ಒಂದೂವರೆ ವರ್ಷ!

ನಮ್ಮ ಡ್ರೂಪಲ್ ಗುಂಪುಗಳಲ್ಲಿ ಸುದ್ದಿಗೇನೂ ಬರವಿಲ್ಲ. 2025ರ ಜನವರಿ 5ಕ್ಕೆ ಡ್ರೂಪಲ್ 7 ಆವೃತ್ತಿಗೆ ಅಧಿಕೃತ ಬೆಂಬಲ ನಿಂತು ಅದರ ಕಥೆ ಮುಗಿಯಿತು, ಸರಿಯಾಗಿ 14 ವರ್ಷ ಬಾಳಿತ್ತು ಪುಣ್ಯಾತ್ಮ. ಹತ್ತೇ ದಿನಕ್ಕೆ, ಜನವರಿ 15ಕ್ಕೆ, ಡ್ರೂಪಲ್‌ನ 24ನೇ ಹುಟ್ಟುಹಬ್ಬದ ದಿನವೇ, ಕೋಡ್ ಬರದವರೂ ಸೈಟ್ ಕಟ್ಟಲಿ ಅಂತ ಡ್ರೂಪಲ್ ಸಿಎಂಎಸ್ ಬಂತು. ಇವೆಲ್ಲ ಎಲ್ಲರ ಗೋಡೆಯ ಮೇಲೂ ಓಡಾಡಿದವು. ಹೊಸಬರಿಗೆ ಹೇಳಿಕೊಡುವ ಮೆಂಟರ್ ಬೇಕಾಗಿದ್ದಾರೆ ಅಂತ ಯಾರಾದರೂ ಹಾಕಿದರೆ ಮಾತ್ರ ಎರಡು ಲೈಕು, ಅದರಲ್ಲಿ ಒಂದು ಹಾಕಿದವರದ್ದೇ.

ನಮ್ಮಲ್ಲಿ ಹೊಸಬರಿಗೆ ಕೊರತೆ ಇಲ್ಲ, ಪಕ್ಕದಲ್ಲಿ ಕೂರುವವರಿಗೆ ಕೊರತೆ. ಅಕ್ಟೋಬರಿನಲ್ಲಿ ಓಪನ್ ಸೋರ್ಸ್‌ಗೆ ಕೋಡ್ ಕಳಿಸುವ ಅಭಿಯಾನ, 2020ರ ಹ್ಯಾಕ್ಟೋಬರ್‌ಫೆಸ್ಟ್ ನೆನಪಿದೆಯಲ್ವಾ? ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಪುಲ್ ರಿಕ್ವೆಸ್ಟ್ ನಾಲ್ಕು ಕಳಿಸಿದರೆ ಟೀ ಶರ್ಟ್ ಅಂದಿದ್ದಕ್ಕೆ ನಮ್ಮ ಹುಡುಗರು ಕಂಡಕಂಡವರ ಪ್ರಾಜೆಕ್ಟಿನ ಪರಿಚಯದ ರೀಡ್‌ಮಿ ಫೈಲಿಗೆ 'ಅಮೇಜಿಂಗ್ ಪ್ರಾಜೆಕ್ಟ್' ಅಂತ ಸೇರಿಸಿ ಕಳಿಸಿದರು. ಕಾಟ ತಡೆಯಲಾರದೆ ಆಯೋಜಕರು ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಕಳಿಸಬೇಕು ಅಂದರು. ಎಲ್ಲರೂ ಆ ಮಕ್ಕಳನ್ನು ಬೈದರು. ನಾನೂ ಬೈದೆ. ಆದರೆ ಒಳ್ಳೆಯ ಪ್ಯಾಚ್ ಹೇಗಿರುತ್ತದೆ ಅಂತ ಅವರಿಗೆ ತೋರಿಸಿದ್ದು ಯಾರು? ಡ್ರೂಪಲ್‌ನಲ್ಲೂ ಅಷ್ಟೇ. ಕೆಲಸ ಮಾಡಿದವರಿಗೆ, ಅವರ ಕಂಪನಿಗೆ ಕ್ರೆಡಿಟ್ ಸಿಗುತ್ತದೆ. ಒಳ್ಳೆಯ ವ್ಯವಸ್ಥೆಯೇ. ಅದನ್ನು ತಿಂಗಳ ಟಾರ್ಗೆಟ್ ಮಾಡಿಕೊಂಡರೆ ಬರೀ ಒಂದು ಖಾಲಿ ಸ್ಪೇಸ್ ತೆಗೆದ ಪ್ಯಾಚುಗಳು ರಾಶಿ ಬೀಳುತ್ತವೆ.

ದಾರಿಗಳಿಲ್ಲ ಅಂತಲ್ಲ. ಡ್ರೂಪಲ್‌ನವರ ಸಮ್ಮೇಳನ ಡ್ರೂಪಲ್‌ಕಾನ್‌ನಲ್ಲಿ ಕಾಂಟ್ರಿಬ್ಯೂಷನ್‌ಗೇ, ಅಂದರೆ ಡ್ರೂಪಲ್‌ಗೆ ಕೆಲಸ ಮಾಡಿಕೊಡೋಕೇ, ಅಂತ ಒಂದು ದಿನ ಇರುತ್ತದೆ. ಹೊಸಬರು ಮೆಂಟರ್‌ಗಳ ಜೊತೆ ಕೂತು ಸಣ್ಣ ಇಶ್ಯೂ, ಅಂದರೆ ದಾಖಲಾದ ತೊಂದರೆ, ಒಂದನ್ನು ಸರಿಪಡಿಸುತ್ತಾರೆ. ಅದರಲ್ಲಿ ಒಂದನ್ನು ಆರಿಸಿ, ಕೋಡ್ ಸೇರಿಸುವ ಅಧಿಕಾರ ಇರುವ ಕಮಿಟರ್ ಎಲ್ಲರ ಎದುರೇ ಡ್ರೂಪಲ್‌ನ ಮೂಲ ಕೋಡಿಗೆ, ಅಂದರೆ ಕೋರ್‌ಗೆ, ಸೇರಿಸುತ್ತಾರೆ. 2016ರಲ್ಲಿ ಮುಂಬೈ ಐಐಟಿಗೇ ಬಂದಿತ್ತು ಡ್ರೂಪಲ್‌ಕಾನ್. ಹೊಸಬರು ಮೆಂಟರ್ ಜೊತೆ ಓಪನ್ ಸೋರ್ಸ್ ಕೆಲಸ ಮಾಡುವ ಗೂಗಲ್ ಸಮ್ಮರ್ ಆಫ್ ಕೋಡ್ ಕೂಡ ಇದೆ. 2022ರಿಂದ ಅದಕ್ಕೆ ವಿದ್ಯಾರ್ಥಿಯೇ ಆಗಿರಬೇಕಿಲ್ಲ, ಓಪನ್ ಸೋರ್ಸ್‌ಗೆ ಹೊಸಬರಾಗಿ 18 ತುಂಬಿದ್ದರೆ ಸಾಕು. ಅರ್ಜಿ ಹಾಕುವವರಿಗೆ ನನ್ನದೊಂದು ಮಾತು, ಕೊನೇ ವಾರ ಪ್ರಪೋಸಲ್ ಬರೆಯೋಕೆ ಕೂರಬೇಡಿ, ಎರಡು ತಿಂಗಳು ಮೊದಲೇ ಮೆಂಟರ್ ಜೊತೆ ಮಾತಾಡಿ, ಒಂದೆರಡು ಸಣ್ಣ ಇಶ್ಯೂ ಮುಗಿಸಿ, ಆಮೇಲೆ ಬರೆಯಿರಿ.

ಕೋಡ್ ಭಯ ಅನ್ನುವವರಿಗೆ ಡ್ರೂಪಲ್ ಪರದೆಯ ಮೇಲೆ ಕಾಣುವ ಪದಗಳ ಅನುವಾದ ಇದೆ. ಸುಲಭ ಅಂದುಕೊಳ್ಳಬೇಡಿ ಮತ್ತೆ. ಯಾರು ಬರೆದದ್ದು ಅಂತ ತೋರಿಸೋಕೆ ಇಂಗ್ಲಿಷಿನಲ್ಲಿ 'ಬೈ' ಅಂತ ಬರೆದು ಮುಂದೆ ಹೆಸರಿಗೆ ಜಾಗ ಬಿಟ್ಟರೆ ಮುಗಿಯಿತು. ಕನ್ನಡದಲ್ಲಿ? 'ಇಂದ' ಹಾಕಿದರೆ 'ರಮೇಶ್ ಇಂದ', 'ಗೀತಾ ಇಂದ' ಅಂತ ಬರುತ್ತದೆ. ರಮೇಶನಿಂದ, ಗೀತಾಳಿಂದ ಅಂತ ಬೆಸೆಯೋಕೆ ಮೆಷೀನಿಗೆ ಬರುವುದಿಲ್ಲ. ಇದರ ಮೇಲೆ ಒಂದು ಸಂಜೆ ಪೂರ್ತಿ ಜಗಳವಾಡಿದ್ದೇವೆ. ಕೊನೆಗೆ 'ಬರೆದವರು' ಅಂತ ಹಾಕಿ, ಎರಡು ಚುಕ್ಕೆ ಇಟ್ಟು, ಹೆಸರು. ವಿಭಕ್ತಿಯ ಕಾಟವೇ ಇಲ್ಲ. ಕನ್ನಡ ಮೇಷ್ಟ್ರುಗಳು ಬಂದರೆ ಇಂಥ ಕಡೆ ನಮಗಿಂತ ಜಾಸ್ತಿ ಕೆಲಸಕ್ಕೆ ಬರುತ್ತಾರೆ.

ತಪ್ಪು ಮಾಡಿಬಿಡುತ್ತೇನೆ ಅನ್ನುವವರಿಗೆ ಒಂದು ಕಥೆ. ಡ್ರೂಪಲ್ ಹುಟ್ಟುಹಾಕಿದ ಡ್ರೀಸ್ ಬಾಯ್ಟಾರ್ಟ್ ಬೆಲ್ಜಿಯಂನಲ್ಲಿ ವಿದ್ಯಾರ್ಥಿಯಾಗಿದ್ದಾಗ ತಮ್ಮ ಸೈಟಿಗೆ 'ಡಾರ್ಪ್' ಅಂತ ಹೆಸರಿಡಲು ಹೊರಟಿದ್ದರು. ಡಚ್ಚಿನಲ್ಲಿ ಹಳ್ಳಿ ಅಂತ. ಟೈಪ್ ಮಾಡುವಾಗ ಕೈ ತಪ್ಪಿ 'ಡ್ರಾಪ್' ಆಯಿತು. ಅದೇ ಇರಲಿ ಅಂತ ಬಿಟ್ಟರು. ಆಮೇಲೆ ಸಾಫ್ಟ್‌ವೇರಿಗೂ ಹನಿ ಅನ್ನುವ ಡಚ್ ಪದದಿಂದಲೇ ಡ್ರೂಪಲ್ ಅಂತ ಹೆಸರು ಬಂತು. ಹಳ್ಳಿ ಬರೆಯೋಕೆ ಹೋಗಿ ಹನಿ!

ಹತ್ತು ವರ್ಷದಿಂದ ಇದರಲ್ಲೇ ಅನ್ನ ತಿನ್ನುತ್ತಿರುವ ಗೆಳೆಯರೇ, ತಿಂಗಳಿಗೆ ಒಂದು ಶನಿವಾರ, ಎರಡು ಗಂಟೆ ಕೊಡಿ. ಭಾಷಣ ಬೇಡ, ಸ್ಲೈಡ್ ಬೇಡ. ನಾನು ಶುರು ಮಾಡಿದ್ದೇನೆ. ಹೋದ ವಾರ ಹಾಸನದ ಕಡೆಯ ಹುಡುಗಿಯೊಬ್ಬಳು ಸ್ಕ್ರೀನ್ ಹಂಚಿಕೊಂಡು, "ಸರ್, ಇದು ಕೇಳೋದಕ್ಕೇ ಒಂಥರಾ ಆಗ್ತಿದೆ, ಈ ನ್ಯೂಲೈನ್ ಅಂದ್ರೆ…" ಅಂದಳು.