ಹೊಸ ಪರದೆಗಾಗಿ ಹಳೆಯ ಕಂಪ್ಯೂಟರನ್ನು ಕೊಯ್ಯಬೇಡಿ

ಕಳೆದ ವಾರ ಪರಿಚಿತರೊಬ್ಬರು ತಾವು ಹೊಸದಾಗಿ ಕೊಂಡ, 1980ರ ದಶಕದ ಬಿಬಿಸಿ ಮೈಕ್ರೋ ಕಂಪ್ಯೂಟರಿನ ಎರಡು ಫೋಟೊ ಕಳುಹಿಸಿದ್ದರು. ಮೊದಲನೆಯದನ್ನು ನೋಡಿ ಹಿಗ್ಗಿದೆ. ಕೆನೆ ಬಣ್ಣದ ಅಗಲವಾದ ಪೆಟ್ಟಿಗೆ, ಕಪ್ಪು ಕೀಲಿಮಣೆ, ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀಗಳು, ಚುಕ್ಕೆಗಳಲ್ಲಿ ಬಿಡಿಸಿದ ಆ ಗೂಬೆ. ಎರಡನೆಯದು ಹಿಂಬದಿಯ ಫೋಟೊ. ಅದನ್ನು ನೋಡಿ ಕರುಳು ಚುರುಕ್ ಎಂದಿತು. ಎಚ್‌ಡಿಎಂಐ ಎಂಬ ಇಂದಿನ ಟಿವಿಗಳ ಸಾಕೆಟ್ ಕೂರಿಸುವುದಕ್ಕಾಗಿ ಯಾರೋ ಆ ಪೆಟ್ಟಿಗೆಯ ಬೆನ್ನನ್ನು ಕೊರೆದು, ಅಂಚನ್ನು ಅರದಿಂದ ಉಜ್ಜಿ, ಸುತ್ತ ಅಂಟು ಸುರಿದಿದ್ದರು.

"ಈಗ ನೇರವಾಗಿ ಟಿವಿಗೆ ಜೋಡಿಸಬಹುದು ಸರ್" ಎಂದು ಅವರು ಖುಷಿಯಿಂದ ಬರೆದಿದ್ದರು. ಅವರದೇನೂ ತಪ್ಪಿಲ್ಲ, ಮಾರಿದವರು ಮೊದಲೇ ಮಾಡಿದ್ದ ಕೆಲಸ ಅದು. ಆದರೂ ರಾತ್ರಿಯೆಲ್ಲ ಆ ತೂತೇ ಕಣ್ಣ ಮುಂದಿತ್ತು. ಏಕೆಂದರೆ ಅದೇ ಪೆಟ್ಟಿಗೆಯ ಬೆನ್ನಿನಲ್ಲಿ, ಆ ತೂತಿನಿಂದ ಒಂದು ಗೇಣು ದೂರದಲ್ಲಿ, ಚಿತ್ರವನ್ನು ಹೊರಗೆ ಕೊಡಲೆಂದೇ ಮಾಡಿದ ಸಾಕೆಟ್ ಒಂದಲ್ಲ, ಮೂರು ಇವೆ. ಕೊರೆಯುವ ಅಗತ್ಯವೇ ಇರಲಿಲ್ಲ.

ನನ್ನ ಮಾತು ಇಷ್ಟೇ. ಎಚ್‌ಡಿಎಂಐ ಕೇಬಲ್ ಯಾವ ಬೀದಿಯ ಮೊಬೈಲ್ ಅಂಗಡಿಯಲ್ಲಾದರೂ ಸಿಗುತ್ತದೆ. ನಲವತ್ತು ವರ್ಷ ಹಳೆಯ ಆ ಪೆಟ್ಟಿಗೆಯನ್ನು ಇನ್ನು ಯಾರೂ ಎರಕ ಹೊಯ್ಯುವುದಿಲ್ಲ. ಎರಡರಲ್ಲಿ ಒಂದು ಬಗ್ಗಬೇಕಾದರೆ ಹೊಸದೇ ಬಗ್ಗಲಿ.

ಈ ಯಂತ್ರದ ಬಗ್ಗೆ ನಾನು ಇಷ್ಟು ಮರುಗುವುದಕ್ಕೆ ಕಾರಣವಿದೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಕಂಪನಿ ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಯೋಜನೆಗಾಗಿ ಇದನ್ನು 1981ರ ಡಿಸೆಂಬರಿನಲ್ಲಿ ಹೊರತಂದಿತು. 1984ರಲ್ಲಿ ನಮ್ಮ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಎನ್‌ಸಿಇಆರ್‌ಟಿ ಜೊತೆ ಸೇರಿ 'ಕ್ಲಾಸ್' ಎಂಬ ಶಾಲಾ ಕಂಪ್ಯೂಟರ್ ಯೋಜನೆ ಆರಂಭಿಸಿದಾಗ ಆಯ್ದುಕೊಂಡದ್ದು ಇದನ್ನೇ. ಮುಂದೆ ಪಂಜಾಬಿನ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದರ ಭಾರತೀಯ ರೂಪವನ್ನು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ತಯಾರಿಸಿತು. ಬಹಳಷ್ಟು ಮಕ್ಕಳು ಬದುಕಿನಲ್ಲಿ ಮೊದಲು ಮುಟ್ಟಿದ ಕಂಪ್ಯೂಟರ್ ಇದು. ಅವರಲ್ಲಿ ನಾನೂ ಒಬ್ಬ. ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೆ ಎರಡು ಬಂದವು. ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಗೆ ಹೋಗಬೇಕಿತ್ತು. ಮೇಷ್ಟ್ರು ಬಟ್ಟೆಯ ಹೊದಿಕೆ ತೆಗೆದು ಸ್ವಿಚ್ ಒತ್ತಿದರೆ ಎರಡು ಸ್ವರ ಕೇಳುತ್ತಿತ್ತು, ಮೊದಲು ದಪ್ಪ ದನಿ, ಹಿಂದೆಯೇ ಸಣ್ಣ ದನಿ. ಯಂತ್ರ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ದಪ್ಪ ದನಿಯಲ್ಲೇ ನಿಂತುಬಿಟ್ಟರೆ ಒಳಗೇನೋ ಕೆಟ್ಟಿದೆ ಎಂದರ್ಥ. ಈಗಲೂ ಹಳೆಯ ಯಂತ್ರವೊಂದನ್ನು ಮೊದಲ ಬಾರಿ ಹಚ್ಚುವಾಗ ಆ ಎರಡನೆಯ ಸ್ವರ ಬರುವವರೆಗೆ ಉಸಿರು ಹಿಡಿದಿರುತ್ತೇನೆ.

ಯಂತ್ರ ಎದ್ದಿತು ಎನ್ನೋಣ. ಚಿತ್ರ ನೋಡುವುದು ಎಲ್ಲಿ? ಇಲ್ಲಿಂದ ನಿಜವಾದ ಕಷ್ಟ ಶುರುವಾಗುತ್ತದೆ.

ಹಿಂಬದಿಯಲ್ಲಿ ಮೂರು ದಾರಿಗಳಿವೆ ಎಂದೆನಲ್ಲ. ಒಂದು ಟಿವಿಯ ಆಂಟೆನಾ ಸಾಕೆಟ್ಟಿಗೆ ಹೋಗುವಂಥದ್ದು, ಅದರಲ್ಲಿ ಅಕ್ಷರಗಳ ಸುತ್ತ ಮಂಜು ಕವಿದಂತಿರುತ್ತದೆ. ಇನ್ನೊಂದು ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳುಹಿಸುವ ಕಾಂಪೊಸಿಟ್ ವಿಡಿಯೊ. ಇದರಲ್ಲಿ ಸಾಮಾನ್ಯವಾಗಿ ಕಪ್ಪು ಬಿಳುಪು ಚಿತ್ರ ಮಾತ್ರ ಬರುತ್ತದೆ. ಬಣ್ಣ ಬೇಕಾದರೆ ಬೋರ್ಡಿನ ಮೇಲೆ ಒಂದು ಚಿಕ್ಕ ಲಿಂಕ್ ಬೆಸೆಯಬೇಕು. ಮೂರನೆಯದು ಆರು ಪಿನ್ನಿನ ಆರ್‌ಜಿಬಿ ಸಾಕೆಟ್. ಬಂಗಾರ ಇರುವುದು ಇಲ್ಲಿ. ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ತಂತಿಗಳಲ್ಲಿ ಬರುತ್ತವೆ. ಪ್ರತಿಯೊಂದೂ ಒಂದೋ ಉರಿದಿರುತ್ತದೆ, ಇಲ್ಲವೇ ಆರಿರುತ್ತದೆ. ನಡುವಿನ ಛಾಯೆ ಇಲ್ಲ. ಹಾಗಾಗಿ ಒಟ್ಟು ಬಣ್ಣ ಎಂಟೇ, ಆದರೆ ಒಂದೊಂದೂ ಕಲಬೆರಕೆಯಿಲ್ಲದ ಬಣ್ಣ.

ಇದನ್ನು ವಿಜಿಎ ಎಂಬ ಮಾದರಿಯ ಕಂಪ್ಯೂಟರ್ ಮಾನಿಟರಿಗೆ ತಂತಿ ಬೆಸೆದು ಜೋಡಿಸಿದರೆ ಆಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಬಿಬಿಸಿ ಮೈಕ್ರೋ ಅಂದಿನ ಟಿವಿಯ ಲೆಕ್ಕದಲ್ಲಿ ಸೆಕೆಂಡಿಗೆ 15,625 ಅಡ್ಡಗೆರೆ ಎಳೆಯುತ್ತದೆ. ವಿಜಿಎ ಬಯಸುವುದು ಹೆಚ್ಚುಕಡಿಮೆ ಅದರ ಎರಡರಷ್ಟು, 31,500ರ ಆಸುಪಾಸು. ಕಾಂಪೊಸಿಟ್ ಸಾಕೆಟ್ ಇರುವ ಎಲ್‌ಇಡಿ ಟಿವಿಯೂ ಪೂರ್ತಿ ನ್ಯಾಯ ಒದಗಿಸುವುದಿಲ್ಲ. ಬಂದ ಸಂಕೇತವನ್ನು ಟಿವಿ ಕಾರ್ಯಕ್ರಮವೆಂದು ತಿಳಿದು, ಬೆಸ ಗೆರೆ ಸಮ ಗೆರೆಗಳನ್ನು ಹೆಣೆದು ಒಂದು ಮಾಡಲು ಹೋಗುತ್ತದೆ. ಚಲಿಸುವ ಚಿತ್ರದ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ, ಕೀ ಒತ್ತಿದ್ದಕ್ಕೂ ಅಕ್ಷರ ಮೂಡುವುದಕ್ಕೂ ನಡುವೆ ಒಂದು ತೊದಲು ಬರುತ್ತದೆ. ಇದನ್ನು ನೋಡಿದವರು "ಹಳೆಯ ಕಂಪ್ಯೂಟರ್ ಹೀಗೆಯೇ ನಿಧಾನ" ಎಂದು ನಂಬಿಬಿಡುತ್ತಾರೆ. ಇದು ನನಗೆ ಸಹಿಸಲಾಗದ ಅನ್ಯಾಯ. ಆ ಯಂತ್ರ ನಿಧಾನವಲ್ಲ. ಸ್ವಿಚ್ ಒತ್ತಿದ ಕ್ಷಣಕ್ಕೆ ಬೇಸಿಕ್ ಎಂಬ ಪ್ರೋಗ್ರಾಮ್ ಭಾಷೆ ಸಿದ್ಧವಾಗಿ ಕುಳಿತಿರುತ್ತದೆ.

ಇದಕ್ಕೆ ಪರಿಹಾರ ಕಂಡುಕೊಂಡವರು ಈ ಯಂತ್ರವನ್ನೇ ಪ್ರೀತಿಸುವ ಬ್ರಿಟನ್ನಿನ ಹವ್ಯಾಸಿಗಳು. 'ಆರ್‌ಜಿಬಿ ಟು ಎಚ್‌ಡಿಎಂಐ' ಎಂಬ ಅಂಗೈಗಿಂತ ಚಿಕ್ಕ ಬೋರ್ಡ್ ಅದು. ವಿನ್ಯಾಸ, ಪ್ರೋಗ್ರಾಮ್ ಎರಡನ್ನೂ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಯಂತ್ರದ ಆರು ಪಿನ್ನಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿದರೆ ಆಯಿತು, ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಬೋರ್ಡಿನ ಮೇಲಿನ ಲಾಜಿಕ್ ಚಿಪ್ ಆ ಮೂರು ತಂತಿಗಳನ್ನು ಕ್ಷಣಕ್ಷಣಕ್ಕೂ ಓದುತ್ತದೆ. 640 ಚುಕ್ಕೆಗಳ ಸಾಲಾದರೆ ಸೆಕೆಂಡಿಗೆ 1.6 ಕೋಟಿ ಬಾರಿ. ಓದಿದ್ದನ್ನು ರಾಸ್ಪ್‌ಬೆರಿ ಪೈ ಜೀರೋ ಎಂಬ ಪುಟ್ಟ ಕಂಪ್ಯೂಟರ್ ಎಚ್‌ಡಿಎಂಐ ಆಗಿ ಹೊರಗೆ ಕಳುಹಿಸುತ್ತದೆ. ಊಹೆ ಇಲ್ಲ, ಕಲಸುಮೇಲೋಗರ ಇಲ್ಲ. ಯಂತ್ರ ಇಟ್ಟ ಚುಕ್ಕೆ ಇಟ್ಟ ಜಾಗದಲ್ಲೇ ಕಾಣುತ್ತದೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಬಿಬಿಸಿ ಮೈಕ್ರೋವನ್ನು ರೂಪಿಸಿದವರಲ್ಲಿ ಪ್ರಮುಖರು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಅವರೇ ಮುಂದೆ ಏಕಾರ್ನ್‌ನಲ್ಲಿ ಎಆರ್‌ಎಂ ಪ್ರೊಸೆಸರ್ ವಿನ್ಯಾಸ ಮಾಡಿದರು. ಅದರ ಮೊದಲ ಚಿಪ್ 1985ರ ಏಪ್ರಿಲ್ 26ರಂದು ಓಡಿತು, ಅದೂ ಬಿಬಿಸಿ ಮೈಕ್ರೋಗೆ ಜೋಡಿಸಿದ ಎರಡನೆಯ ಪ್ರೊಸೆಸರ್ ಆಗಿ. ಇಂದು ನಿಮ್ಮ ಕೈಯಲ್ಲಿರುವ ಮೊಬೈಲಿನ ಒಳಗಿರುವುದು ಆ ಸಂತತಿ. ರಾಸ್ಪ್‌ಬೆರಿ ಪೈ ಜೀರೋ ಒಳಗಿರುವುದೂ ಅದೇ. ಅಜ್ಜ ಬಿಬಿಸಿ ಮೈಕ್ರೋ ಸೆಕೆಂಡಿಗೆ 20 ಲಕ್ಷ ಮಿಡಿತದವನು, ಮೊಮ್ಮಗ ಪೈ ಜೀರೋ 100 ಕೋಟಿ ಮಿಡಿತದವನು. ಕಣ್ಣು ಮಂಜಾದ ಅಜ್ಜನ ಕೈ ಹಿಡಿದು ಮೊಮ್ಮಗ ರಸ್ತೆ ದಾಟಿಸುವಂತೆ, ಈ ಚಿಪ್ ಆ ಯಂತ್ರದ ಚಿತ್ರವನ್ನು ನಮ್ಮ ಕಾಲಕ್ಕೆ ದಾಟಿಸುತ್ತಿದೆ. ಮೊದಲ ಸಲ ಇದು ಹೊಳೆದಾಗ ಸ್ವಲ್ಪ ಹೊತ್ತು ಸುಮ್ಮನೆ ಪರದೆ ನೋಡುತ್ತ ಕುಳಿತಿದ್ದೆ.

ಮಾನಿಟರ್ ಯಾವುದು ಎಂದು ಕೇಳುವವರಿಗೆ: ದೊಡ್ಡ ಟಿವಿ ಬೇಡ. ಹತ್ತು ಹದಿನೈದು ವರ್ಷಗಳ ಹಿಂದೆ ಕಚೇರಿಗಳಲ್ಲಿದ್ದ, ಹೆಚ್ಚು ಅಗಲವಿಲ್ಲದ, 1280×1024 ಚುಕ್ಕೆಗಳ ಎಲ್‌ಸಿಡಿ ಮಾನಿಟರ್ ಹುಡುಕಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ನಾನು ಮೂರನ್ನು ಕೊಂಡು ನೋಡಿದೆ. ಬಿಬಿಸಿ ಮೈಕ್ರೋದ ಅತಿ ಸೂಕ್ಷ್ಮ ಪರದೆ 640×256. ಅಡ್ಡಕ್ಕೆ ಎರಡು ಪಟ್ಟು, ಉದ್ದಕ್ಕೆ ನಾಲ್ಕು ಪಟ್ಟು ಮಾಡಿದರೆ ಸರಿಯಾಗಿ 1280×1024. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತದೆ. ಆದರೆ ಮಾನಿಟರ್ ಸೆಕೆಂಡಿಗೆ 50 ಬಾರಿ ಬರುವ ಚಿತ್ರವನ್ನು ಒಪ್ಪಬೇಕು. ಎಲ್ಲವೂ ಒಪ್ಪುವುದಿಲ್ಲ, ನನ್ನ ಮೂರರಲ್ಲಿ ಒಪ್ಪಿದ್ದು ಒಂದೇ. ಕೊಳ್ಳುವ ಮೊದಲು ಲ್ಯಾಪ್‌ಟಾಪ್ ಒಯ್ದು ಪರೀಕ್ಷಿಸಿಕೊಳ್ಳಿ.

ಆ ಕಾಲದ ಬೇರೆ ಕಂಪ್ಯೂಟರುಗಳಿಗೆ ಬೇರೆ ದಾರಿ. ಕಮೊಡೋರ್ 64 ಬೆಳಕು ಮತ್ತು ಬಣ್ಣವನ್ನು ಬೇರೆ ಬೇರೆಯಾಗಿ ಕೊಡುವುದರಿಂದ ಎಸ್-ವಿಡಿಯೊ ಕೇಬಲ್ ಮತ್ತು ಅದನ್ನು ಒಪ್ಪುವ ಒಳ್ಳೆಯ ಪರಿವರ್ತಕ ಬೇಕು. ಸಿಂಕ್ಲೇರ್ ಸ್ಪೆಕ್ಟ್ರಮ್ ಕೊಡುವುದು ಟಿವಿ ಚಾನೆಲ್ಲಿನ ಸಂಕೇತವನ್ನು. ಆದರೆ ಆ ಸಂಕೇತವನ್ನು ತಯಾರಿಸುವ ಒಳಗಿನ ಮಾಡ್ಯುಲೇಟರ್ ಡಬ್ಬಿಯಲ್ಲಿ ಒಂದು ತಂತಿಯ ದಾರಿ ಬದಲಿಸಿದರೆ ಅದೇ ಸಾಕೆಟ್ಟಿನಲ್ಲಿ ಕಾಂಪೊಸಿಟ್ ವಿಡಿಯೊ ಬರುತ್ತದೆ. ಬೇಕೆಂದಾಗ ಮತ್ತೆ ಮೊದಲಿನಂತೆ ಮಾಡಬಹುದು. ಇಂಥ ಬದಲಾವಣೆಗೆ ನನ್ನ ಒಪ್ಪಿಗೆ ಇದೆ. ಹಿಂದಕ್ಕೆ ತರಲಾಗದ ಕೆಲಸಕ್ಕೆ ಇಲ್ಲ.

ಇಷ್ಟೆಲ್ಲ ಏಕೆ, ಹಳೆಯ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲೇ ಅನುಕರಿಸುವ ಎಮ್ಯುಲೇಟರ್ ಪ್ರೋಗ್ರಾಮ್ ಇದೆಯಲ್ಲ ಎನ್ನುವವರಿಗೆ ನನ್ನ 'ಕ' ಅಕ್ಷರದ ಕಥೆ ಹೇಳುತ್ತೇನೆ. ಶಾಲೆಯಲ್ಲಿ ಮೇಷ್ಟ್ರು ಚೌಕುಳಿ ಹಾಳೆ ಕೊಟ್ಟು, ಎಂಟಕ್ಕೆ ಎಂಟು ಚೌಕದಲ್ಲಿ ನಿಮಗೆ ಬೇಕಾದ ಅಕ್ಷರ ಬರೆಯಿರಿ ಎಂದಿದ್ದರು. ತುಂಬಿದ ಚೌಕಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ. ಸಾಲಿಗೊಂದು ಮೊತ್ತ, ಒಟ್ಟು ಎಂಟು ಸಂಖ್ಯೆ. ಅವನ್ನು 'ವಿಡಿಯು 23' ಎಂಬ ಆದೇಶಕ್ಕೆ ಕೊಟ್ಟರೆ ಆ ಅಕ್ಷರ ಯಂತ್ರದ್ದಾಗುತ್ತದೆ. ಹೀಗೆ ಸುಲಭವಾಗಿ ಸೇರಿಸಬಹುದಾಗಿದ್ದದ್ದು 32 ಅಕ್ಷರ. ನಮ್ಮ ವರ್ಣಮಾಲೆಯ 49ಕ್ಕೇ ಸಾಲದು, ಇನ್ನು ಕಾಗುಣಿತ, ಒತ್ತಕ್ಷರದ ಮಾತೆಲ್ಲಿ! ಒತ್ತು ಬರೆಯಬೇಕಾದರೆ ಕೆಳಗಿನ ಸಾಲಿನ ಮನೆಯನ್ನೂ ಹಿಡಿಯಬೇಕಿತ್ತು. ಆದರೂ 'ಕ' ಮೂಡಿತು. ಕನ್ನಡ ಅಕ್ಷರವೊಂದು ಟಿವಿಯೊಳಗೆ ನಾನು ಹೇಳಿದ್ದಕ್ಕೆ ಮೂಡಿತು.

ಕಳೆದ ಯುಗಾದಿಯಂದು ಅದೇ ಎಂಟು ಸಂಖ್ಯೆಗಳನ್ನು ಹೊಸ ಪರದೆಯ ಮುಂದೆ ಕುಳಿತು ಟೈಪ್ ಮಾಡಿದೆ. ಬಂದದ್ದು ಮೆಟ್ಟಿಲು ಮೆಟ್ಟಿಲಾದ, ಕೋನಗಳೇ ತುಂಬಿದ 'ಕ'. ನನಗೆ ನೆನಪಿದ್ದದ್ದು ದುಂಡಗಿನದು. ಶಾಲೆಯ ಪಿಕ್ಚರ್ ಟ್ಯೂಬಿನಲ್ಲಿ ಬೆಳಕು ಪಕ್ಕಕ್ಕೆ ಹರಡಿ ಚೌಕದ ಮೂಲೆಗಳನ್ನು ಸವೆಸುತ್ತಿತ್ತು. ಅಂದಿನ ಚಿತ್ರ ಬರೆಯುವವರು ಆ ಹರಡುವಿಕೆಯನ್ನು ನಂಬಿಯೇ ಚುಕ್ಕೆ ಇಡುತ್ತಿದ್ದರು. ಬೋರ್ಡಿನ ಮೆನುವಿನಲ್ಲಿ ಗೆರೆಗಳ ನಡುವೆ ಕಪ್ಪು ಎಳೆ ತುಂಬುವ ಆಯ್ಕೆ ಇದೆ. ಅದನ್ನು ಹಾಕಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದಾಗ ಅಕ್ಷರ ಸ್ವಲ್ಪ ಮೃದುವಾಯಿತು. ಪೂರ್ತಿಯಲ್ಲ. ಆದ್ದರಿಂದ ಯಾರ ಮನೆಯಲ್ಲಾದರೂ ಕೆಲಸ ಮಾಡುವ ಪಿಕ್ಚರ್ ಟ್ಯೂಬ್ ಟಿವಿ ಇದ್ದರೆ ಅದನ್ನೂ ಕಾಪಾಡಿ ಎಂದೇ ಹೇಳುತ್ತೇನೆ. ಆದರೆ ಅದು ಸಿಗಲಿಲ್ಲವೆಂದು ಯಂತ್ರವನ್ನು ಅಟ್ಟದ ಮೇಲೆ ಮಲಗಿಸಬೇಡಿ.

ಈ ಯಂತ್ರಗಳು ಇನ್ನೂ ನಮ್ಮ ಹಳೆಯ ಶಾಲೆಗಳ ಉಗ್ರಾಣಗಳಲ್ಲಿ ಮುರಿದ ಬೆಂಚುಗಳ ಕೆಳಗೆ ಇರಬಹುದು. ನನ್ನದು ಸಿಕ್ಕಿದ್ದು ಹಾಗೆಯೇ, ಕರಾವಳಿಯ ಒಂದು ಗುಜರಿ ಅಂಗಡಿಯಲ್ಲಿ, ತಾಮ್ರಕ್ಕಾಗಿ ಒಡೆಯುವ ರಾಶಿಯ ಮೇಲಿಂದ. ನಿಮಗೂ ಕಂಡರೆ ತಳದ ಚೀಟಿಯ ಫೋಟೊ ತೆಗೆದು ನನಗೆ ಕಳುಹಿಸಿ. ಒಂದು ವಿನಂತಿ, ಕೆಲಸ ಮಾಡುತ್ತದೆಯೇ ನೋಡೋಣ ಎಂದು ಪ್ಲಗ್ ಹಾಕಬೇಡಿ. ಅದರ ವಿದ್ಯುತ್ ಪೆಟ್ಟಿಗೆಯಲ್ಲಿ, ಕರೆಂಟ್ ಒಳಬರುವ ಜಾಗದಲ್ಲಿ, ಎರಡು ಕಾಗದದ ಕೆಪಾಸಿಟರುಗಳಿವೆ. ವರ್ಷಗಳು ಕಳೆದಂತೆ ಅವುಗಳ ಹೊದಿಕೆ ಬಿರುಕು ಬಿಟ್ಟು ತೇವ ಒಳಗಿಳಿದಿರುತ್ತದೆ, ನಮ್ಮ ಮಳೆಗಾಲದಲ್ಲಂತೂ ಹೇಳಬೇಕಾಗಿಲ್ಲ. ಕರೆಂಟ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಸಿಡಿದು ಮನೆ ತುಂಬ ಹೊಗೆ ತುಂಬಬಹುದು. ಕೆಲಸ ಬಲ್ಲ ಮೆಕ್ಯಾನಿಕ್ಕಿಗೆ ಅವನ್ನು ಬದಲಿಸುವುದು ಅರ್ಧ ಗಂಟೆಯ ಮಾತು. ಹತ್ತಿರದಲ್ಲಿ ಅಂಥವರಿಲ್ಲದಿದ್ದರೆ ತಿಳಿಸಿ, ಕೆಪಾಸಿಟರುಗಳ ಒಂದು ಜೊತೆ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ, ನಾನೇ ಬರುತ್ತೇನೆ.