‘ಚೆನ್ನಾಗಿದೆ’ ಅಂದಮೇಲೆ ಏನು ಮಾಡೋದು?

ಹೊಸದಾಗಿ ವೆಬ್‌ಕಾಮಿಕ್ (ಅಂತರ್ಜಾಲದಲ್ಲಿ ಕಂತುಗಳಾಗಿ ಬರುವ ಚಿತ್ರಕಥೆ) ಶುರುಮಾಡಿದವರು ಸಿಕ್ಕವರ ಮುಂದೆಲ್ಲ ಫೋನು ಹಿಡಿದು “ಚಿತ್ರ ಹೇಗಿದೆ?” ಅನ್ನುತ್ತಾರೆ. ಸಿಕ್ಕವರೆಲ್ಲ “ಚೆನ್ನಾಗಿದೆ” ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ಚಿತ್ರ ಇದ್ದಲ್ಲೇ ಇತ್ತು. ಪಾಪ, ಹೇಳಿದವರನ್ನು ದೂರಿ ಪ್ರಯೋಜನವಿಲ್ಲ. ಆ ಪ್ರಶ್ನೆಗೆ ಮರ್ಯಾದಸ್ಥರು ಕೊಡಬಹುದಾದ ಉತ್ತರ ಅದೊಂದೇ.

ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಒಂದು ಕಂತು ಕೊಟ್ಟು, ಬಾಯಿ ಮುಚ್ಚಿಕೊಂಡು ಕೂರಬೇಕು. ಎರಡನೆಯದೇ ಕಷ್ಟ. ಕೂತು ಅವರ ಮುಖ ನೋಡುವ ಬದಲು ಹೆಬ್ಬೆರಳು ನೋಡಿ. ಸರಸರ ಮೇಲಕ್ಕೆ ತಳ್ಳುತ್ತಿದ್ದ ಬೆರಳು ತಡೆದು, ಎರಡು ಚೌಕ ಹಿಂದಕ್ಕೆ ಹೋಯಿತೆಂದರೆ ಅಲ್ಲೇನೋ ಎಡವಟ್ಟಾಗಿದೆ. ಓದಿ ಮುಗಿಸಿದ ಮೇಲೆ ಕೇಳಿ: ಇಲ್ಲಿ ನಡೆದದ್ದೇನು? ಮೊದಲು ಮಾತಾಡಿದ್ದು ಯಾರು? ಈಕೆಗೆ ಸಿಟ್ಟೋ, ಭಯವೋ? ಉತ್ತರ ತಪ್ಪಾದರೆ ಸಮಜಾಯಿಷಿಗೆ ಇಳಿಯಬೇಡಿ. ಓದುವ ಪ್ರತಿಯೊಬ್ಬರ ಪಕ್ಕದಲ್ಲೂ ಕೂತು ವಿವರಿಸಲು ಆದೀತೇ?

ಮೊದಲು ಮಾತಾಡಿದ್ದು ಯಾರು ಎಂಬಲ್ಲೇ ಬಹಳಷ್ಟು ಪುಟಗಳು ಮುಗ್ಗರಿಸುತ್ತವೆ. ಕಣ್ಣು ಮಾತಿನ ಗುಳ್ಳೆಗಳನ್ನು ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಹುಡುಕುತ್ತದೆ. ಮೊದಲು ಮಾತಾಡುವವನನ್ನು ಬಲಗಡೆ ನಿಲ್ಲಿಸಿಬಿಟ್ಟರೆ ಉತ್ತರ ಮೊದಲು, ಪ್ರಶ್ನೆ ಆಮೇಲೆ ಬರುತ್ತದೆ; ಅದನ್ನು ತಪ್ಪಿಸಲು ಹೋದರೆ ಮಾತಾಡುವವರತ್ತ ಚಾಚಿದ ಗುಳ್ಳೆಗಳ ಬಾಲಗಳು ಒಂದನ್ನೊಂದು ಅಡ್ಡಹಾಯುತ್ತವೆ. ಅದಕ್ಕೇ ಗುಳ್ಳೆಯ ಜಾಗವನ್ನು ಕರಡಿನಲ್ಲೇ ಗುರುತಿಸಬೇಕು. ಚಿತ್ರ ಮುಗಿಸಿ ಆಮೇಲೆ ತುರುಕಿದ ಗುಳ್ಳೆ, ಗಂಟೆಗಟ್ಟಲೆ ಕೂತು ಬರೆದ ಪಾತ್ರದ ಕೈಯನ್ನೇ ನುಂಗುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಾಪತ್ರಯವಿದೆ: ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ.

ತೋರಿಸುವುದಾದರೆ ಫೋನಿನಲ್ಲೇ ತೋರಿಸಿ, ದೊಡ್ಡ ಪರದೆಯಲ್ಲಲ್ಲ. ಉದ್ದಕ್ಕೆ ಸರಿಸಿ ಓದುವ ಕಾಮಿಕ್‌ಗೆ 800 ಪಿಕ್ಸೆಲ್ ಅಗಲ ರೂಢಿ. ಬರೆಯುವಾಗ ಅದರ ಎರಡರಷ್ಟು, 1600ರಲ್ಲಿ ಬರೆದು ಕೊನೆಗೆ ಇಳಿಸುತ್ತಾರೆ. ಇಳಿಸಿದಾಗ 2 ಪಿಕ್ಸೆಲ್ ಗೆರೆ 1 ಪಿಕ್ಸೆಲ್ ಆಗಿ ಸೊರಗುತ್ತದೆ. ಹಿಗ್ಗಿಸಿಕೊಂಡು ಒಂದೊಂದಾಗಿ ಎಳೆದ ಕಣ್ಣರೆಪ್ಪೆಗಳು ಕೂಡಿಕೊಂಡು ಮಸಿಚುಕ್ಕೆಯಾಗುತ್ತವೆ.

ಇನ್ನು ಮುಖದ ವಿಷಯ. “ಮೂಗು ಯಾಕೋ ಉದ್ದವಾಯ್ತು” ಅಂತ ಯಾರೋ ಅನ್ನುತ್ತಾರೆ. ಏನೋ ಸರಿಯಿಲ್ಲ ಎಂಬಷ್ಟರ ಮಟ್ಟಿಗೆ ಓದುಗರ ಕಣ್ಣು ಸುಳ್ಳು ಹೇಳುವುದಿಲ್ಲ. ಕಾರಣ ಮಾತ್ರ ಹೆಚ್ಚಿನ ಸಲ ಬೇರೆಯೇ ಇರುತ್ತದೆ. ಮೂಗು ಕತ್ತರಿಸುವ ಮೊದಲು ನೆತ್ತಿಯಿಂದ ಗಲ್ಲದವರೆಗೆ ಅಳೆದು ನೋಡಿ. ಕಣ್ಣಿನ ಗೆರೆ ಸುಮಾರು ನಟ್ಟನಡುವೆ ಬರಬೇಕು. ಹೊಸಬರು ಅದನ್ನು ಮೇಲಕ್ಕೆ ಏರಿಸಿಬಿಡುತ್ತಾರೆ, ಯಾಕೆಂದರೆ ಕಣ್ಣು, ಮೂಗು, ಬಾಯಿ ಬರೆಯಲು ಮಜಾ ಇರುತ್ತದೆ. ಹಣೆ, ಬುರುಡೆಯಲ್ಲಿ ಏನಿದೆ? ಹಾಗಾಗಿ ತಲೆ ಮೊಟಕಾಗಿ, ಕೆಳಗಿನದೆಲ್ಲ ಉದ್ದ ಕಾಣುತ್ತದೆ. ಬುರುಡೆಯನ್ನು ಎತ್ತರಿಸಿದರೆ ಮೂಗು ತಾನಾಗಿಯೇ ಸರಿಹೋಗುತ್ತದೆ. ಕಿವಿ ಹುಬ್ಬಿಗೂ ಮೂಗಿನ ಬುಡಕ್ಕೂ ನಡುವೆ ಇದೆಯೇ ಅನ್ನುವುದನ್ನೂ ನೋಡಿಬಿಡಿ. ಆಮೇಲೆ ಚಿತ್ರವನ್ನು ಕನ್ನಡಿಯಂತೆ ಎಡಬಲ ತಿರುಗಿಸಿ. ಒಂದು ಕಡೆ ಜಾರಿದ ಕಣ್ಣು, ವಾಲಿದ ದವಡೆ ಆಗ ಥಟ್ಟನೆ ಕಾಣುತ್ತವೆ. ಇಷ್ಟನ್ನು ಯಾರನ್ನೂ ಕೇಳದೆ ತಾವೇ ಹಿಡಿಯಬಹುದು, ಕೇಳುವವರ ತಾಳ್ಮೆಯೂ ಉಳಿಯುತ್ತದೆ.

ಚಿತ್ರ ಬರೆಯುವವರನ್ನು ಕೇಳಿದರೆ ಕಾರಣವನ್ನೂ ಹೇಳುತ್ತಾರೆ, ಜೊತೆಗೆ ತಮ್ಮ ಹಾಗೆಯೇ ಬರೆಯಿರಿ ಅಂತಲೂ ಹೇಳುತ್ತಾರೆ. ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದಕ್ಕೆ ನಕ್ಕು ಸುಮ್ಮನಾಗಬೇಕು. ಅವರಿಗೆ ತೋರಿಸಬೇಕಾದ್ದು ಬಣ್ಣ ತುಂಬಿದ ಪುಟವನ್ನಲ್ಲ, ಬೆರಳಗಲದ ಕರಡನ್ನು. ಕರಡನ್ನು ಹರಿದು ಹಾಕಿ ಮತ್ತೆ ಬರೆಯಲು ಐದು ನಿಮಿಷ ಸಾಕು. ಬಣ್ಣ ಮುಗಿದ ಪುಟದ ಬಗ್ಗೆ ಸಲಹೆ ಕೇಳುವವರಿಗೆ ಬೇಕಿರುವುದು ಹೊಗಳಿಕೆ ಮಾತ್ರ.

ಒಬ್ಬರು ಹಿನ್ನೆಲೆ ಗಿಜಿಗಿಜಿ ಅನ್ನುತ್ತಾರೆ, ಇನ್ನೊಬ್ಬರು ಬಣ್ಣ ಮಂಕು ಅನ್ನುತ್ತಾರೆ, ಮತ್ತೊಬ್ಬರಿಗೆ ನಾಯಕ ಎಲ್ಲಿ ನಿಂತಿದ್ದಾನೆ ಅನ್ನುವುದೇ ಕಾಣುವುದಿಲ್ಲ. ತಲೆ ಕೆಡಿಸಿಕೊಳ್ಳದೆ ಪುಟವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಕೆಂಪಂಗಿಯೂ ಹಸಿರು ಗೋಡೆಯೂ ಒಂದೇ ಬೂದಿಬಣ್ಣಕ್ಕೆ ತಿರುಗಿದ್ದರೆ ಮೂವರ ದೂರೂ ಒಂದೇ. ಹಿನ್ನೆಲೆಯ ಗೆರೆಗಳನ್ನು ಕಪ್ಪಿನ ಬದಲು ತಿಳಿಬಣ್ಣಕ್ಕೆ ತಿರುಗಿಸಿ, ಗೋಡೆಯನ್ನು ಎರಡು ಮೆಟ್ಟಿಲು ಹಗುರ ಮಾಡಿದರೆ ನಾಯಕ ಮುಂದೆ ಬರುತ್ತಾನೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಮೊದಲ ಕಂತನ್ನೇ ಹೊಸದಾಗಿ ಬರೆಯುವ ಹುಮ್ಮಸ್ಸು ಬರುವುದುಂಟು. ಬೇಡ. ಹಳೆಯ ಕಂತಿನಲ್ಲಿ ಓದನ್ನೇ ತಡೆಯುವ ಗುಳ್ಳೆಯ ಕ್ರಮ, ಸಣ್ಣ ಅಕ್ಷರ ಇವಷ್ಟನ್ನು ಸರಿಪಡಿಸಿ; ಕಣ್ಣು-ಮೂಗಿನ ತಿದ್ದುಪಡಿಗಳೆಲ್ಲ ಮುಂದಿನ ಕಂತಿಗೆ.